ಮೊದ್ಲು ನಿಮ್ಮ ಸಂಘದ ಆಡಿಟ್ ಮಾಡ್ಸಿ ಮಾರಾಯ್ರೆ!

ನಮಸ್ಕಾರ, ಶಿರಸಿಯಿಂದ. ಹೋದ ವಿಡಿಯೋಕ್ಕೆ ಒಬ್ರು ಕಮೆಂಟ್ ಹಾಕಿದಾರೆ: ‘ಕಲ್ಯಾಣ ಕರ್ನಾಟಕಕ್ಕೆ ಸಾವಿರಾರು ಕೋಟಿ, ಉತ್ತರ ಕನ್ನಡಕ್ಕೆ ಚೊಂಬು.’ ಹೌದಪ್ಪ, ಅವ್ರಿಗೆ ಸಂವಿಧಾನದ 371 ಜೆ ವಿಧಿಯ ವಿಶೇಷ ಸ್ಥಾನಮಾನ ಇದೆ, ನಮ್ಗಿಲ್ಲ. ಆ ಜಗಳ ಬೇರೆ. ಊರಿನ ಕೆಲ್ಸಕ್ಕೆ ಅನುದಾನ ಕೇಳೋ ನಿಮ್ಮ ಸಂಘದ ಲೆಕ್ಕ ಆಡಿಟ್ ಆಗಿದ್ಯಾ, ಅದು ಹೇಳಿ.

ದುಡ್ಡೇ ಇಲ್ಲ ಅನ್ಬೇಡಿ. ಶಿವಮೊಗ್ಗದಲ್ಲಿರೋ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೆ ನಮ್ಮ ಜಿಲ್ಲೆನೂ ಸೇರ್ತದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಶಿಫಾರಸು ಅವ್ರದ್ದು, ಮಂಜೂರಾತಿ ಜಿಲ್ಲಾಡಳಿತದ್ದು. ಸಿಎಸ್‌ಆರ್, ಅಂದ್ರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ದುಡ್ಡು, ಅದಂತೂ 2013ರ ಕಂಪನಿ ಕಾಯ್ದೆಯಲ್ಲೇ ಇದೆ: ದೊಡ್ಡ ಕಂಪನಿಗಳು 3 ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2 ಖರ್ಚು ಮಾಡ್ಬೇಕು, ತಾವಿರೋ ಊರಿನ ಆಸುಪಾಸಿಗೆ ಆದ್ಯತೆ ಕೊಡ್ಬೇಕು. ಕಾರವಾರದ ಹತ್ರ ಕೈಗಾ ಅಣುಸ್ಥಾವರ ಇದೆ, ಬಿಣಗಾದಲ್ಲಿ ಕಾರ್ಖಾನೆ ಇದೆ. ಇನ್ನೆಂತ ಬೇಕು?

ಆಡಿಟ್ ಬೇಕು!

2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ತಗೊಳ್ದಿದ್ರೆ ಕಂಪನಿಯವ್ರು ನಿಮ್ಗೆ ಸಿಎಸ್‌ಆರ್ ಕೆಲ್ಸ ಕೊಡೋ ಹಾಗೇ ಇಲ್ಲ. ಅದಕ್ಕೆ ಆದಾಯ ತೆರಿಗೆಯವ್ರ 12ಎ, 80ಜಿ ನೋಂದಣಿ ಬೇಕು, 3 ವರ್ಷ ಕೆಲ್ಸ ಮಾಡಿದ್ದಕ್ಕೆ ದಾಖಲೆ ಬೇಕು. ನಮ್ಮ ದಾಖಲೆ ಎಲ್ಲಿದೆ? ಹಳೇ ಖಜಾಂಚಿ ಮನೆ ಅಟ್ಟದಲ್ಲಿ, ಬಿಸ್ಕಿಟ್ ಡಬ್ಬದೊಳಗೆ. ನೋಡಿದೇನೆ ನಾನು. ರಶೀದಿ ಪುಸ್ತಕಕ್ಕೆ ಮಳೆಗಾಲದ ಬೂಷ್ಟು, ಒಂದು ಹಾಳೆ ಬಿಡ್ಸೋಕೆ ಹೋದ್ರೆ ಮೂರು ಕಿತ್ತು ಬರ್ತದೆ. ವೋಚರ್ ಇರೋ ಜಾಗದಲ್ಲಿ ಪೆನ್ಸಿಲ್‌ನಲ್ಲಿ ‘ಶಾಮಿಯಾನದವ್ರಿಗೆ ಕೊಟ್ಟಿದ್ದು’. ಎಷ್ಟು? ಅದು ಖಜಾಂಚಿಗೂ ಶಾಮಿಯಾನದವ್ರಿಗೂ ಗೊತ್ತು.

‘ಆಡಿಟರ್ ಫೀಸು ಯಾರು ಕೊಡ್ತಾರೆ?’ ವಾರ್ಷಿಕೋತ್ಸವದ ಫ್ಲೆಕ್ಸಿಗೆ ಯಾರು ಕೊಟ್ರು ಸ್ವಾಮಿ? ಗೌರವಾಧ್ಯಕ್ಷ, ಅಧ್ಯಕ್ಷ, ಕಾರ್ಯಾಧ್ಯಕ್ಷ, ಮೂರೂ ಜನ ಕೂಲಿಂಗ್ ಗ್ಲಾಸ್‌ನಲ್ಲಿ!

‘ದುಡ್ಡೆಲ್ಲ ಪ್ರಭಾವ ಇದ್ದವ್ರಿಗೇ ಹೋಗ್ತದೆ.’ ಹೋಗ್ತದೆ. ಅವ್ರೂ ಆಡಿಟ್ ಮಾಡ್ಸೇ ತಗೊಳ್ತಾರೆ!

ಅಂದ ಹಾಗೆ, ನಮ್ಮ ಕಡೆ ಸಿಹಿತಿಂಡಿ ತೊಡದೇವು ಬೇಕಾದವ್ರು ಮೆಸೇಜ್ ಹಾಕಿ. ನಮ್ಮ ಅತ್ತಿಗೆ ಮಾಡ್ತಾರೆ. ಈ ಚಾನೆಲ್‌ನ ಏಕೈಕ ಪ್ರಾಯೋಜಕರು ಅವ್ರೇ.

ಎಲ್ಲಿದ್ದೆ? ಹಾಂ, ದುಡ್ಡು ಕೇಳೋಕೆ ನೀವು ಕೊಡೋ ಮನವಿ. ದೇವಿಮನೆ ಘಟ್ಟ ಇಳ್ದು ಕಾರವಾರಕ್ಕೆ ಹೋಗೋದು, ಡಿಸಿ ಆಫೀಸಲ್ಲಿ ಮನವಿ ಕೊಟ್ಟು ಫೋಟೋ ಹೊಡ್ಸ್ಕೊಳ್ಳೋದು, ಮೀನೂಟ ಮಾಡಿ ಘಟ್ಟ ಹತ್ತೋದು. ಅರ್ಜಿ ಎಲ್ಲಿ? ಅಂದಾಜು ಪಟ್ಟಿ ಎಲ್ಲಿ? ಜಾಗದ ಪಹಣಿ ಎಲ್ಲಿ? ಬ್ಯಾಲೆನ್ಸ್ ಶೀಟ್ ಕೇಳಿದ್ರೆ ‘ನಾವು ಸೇವೆ ಮಾಡೋರು’ ಅಂತೀರಿ. ಸೇವೆಗೂ ಆಡಿಟ್ ಇದೆ! ದೇವಸ್ಥಾನಕ್ಕೂ ಇದೆ! ಆಡಿಟ್! ಆಡಿಟ್ ಮಾಡ್ಸ್ರೋ!

ಆಡಿಟ್ ಮಾಡ್ಸೋಕೆ ಕಾರಣ ಇನ್ನೂ ನಾಲ್ಕು ಬರ್ಕೊಂಡಿದ್ದೆ, ಚೀಟಿ ಸಿಗ್ತಾ ಇಲ್ಲ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ. ಬೈಯೋರು ಬೈರಿ, ಬ್ಯಾಲೆನ್ಸ್ ಶೀಟ್ ಲಗತ್ತಿಸಿ ಬೈರಿ.