ಕಾರಿನ ಸೌಂಡ್ ಅಪ್‌ಗ್ರೇಡ್: ಮೊದಲು ಡೋರ್, ಆಮ್ಯಾಲ ಸ್ಪೀಕರ್

ದೃಶ್ಯ: ರಾಯಚೂರಿನ ಒಂದು ವರ್ಕ್‌ಶಾಪ್. ಕಾರಿನ ಮುಂದಿನ ಡೋರ್ ಪ್ಯಾಡ್ ಬಿಚ್ಚಿದ್ದಾರ. ಒಳಗಿನ ತಗಡು, ಅದರಾಗಿನ ದೊಡ್ಡ ದೊಡ್ಡ ರಂಧ್ರ, ಕಂಪನಿ ಸ್ಪೀಕರ್ ಕಾಣ್ತಾವ.

ನಿರೂಪಣೆ: ಎಲ್ಲರಿಗೂ ನಮಸ್ಕಾರ್ರಿ. ಕಂಪನಿ ಸ್ಪೀಕರ್ ತೆಗೆದು ಹದಿನೈದು ಸಾವಿರದ್ದು ಹಾಕ್ಸಿದ್ರೂ ಬೇಸ್ ಯಾಕ ಬರಂಗಿಲ್ಲ? ಈ ತಗಡು ನೋಡ್ರಿ, ಉತ್ತರ ಇಲ್ಲೇ ಅದ. ಸ್ಪೀಕರ್ ಕೋನ್ (ಸದ್ದು ಹೊರಡಿಸಾಕ ಹಿಂದ ಮುಂದ ಆಡೋ ಭಾಗ) ಮುಂದ ಬಂದಾಗ ಮುಂದಿನ ಗಾಳಿ ಒತ್ತಡ ಆಗ್ತದ, ಅದೇ ಹೊತ್ತಿಗೆ ಹಿಂದಿನ ಗಾಳಿ ತೆಳುವಾಗ್ತದ. ಡೋರಿನಾಗ ಇಷ್ಟು ರಂಧ್ರ ತೆರೆದಿದ್ರ ಹಿಂದಿನ ಅಲೆ ಹೊರಗ ಬಂದು ಮುಂದಿನ ಅಲೆನ ತಿಂದು ಹಾಕ್ತದ. ಹೆಚ್ಚು ಪೆಟ್ಟು ಬೀಳೋದು ಬೇಸ್‌ಗೆ. ಸ್ಪೀಕರ್ ಎಷ್ಟೇ ದುಬಾರಿ ಇರಲಿ, ಇದು ತಪ್ಪಂಗಿಲ್ಲ. ಮನ್ಯಾಗಿನ ಸ್ಪೀಕರ್‌ಗೆ ಮರದ ಡಬ್ಬಿ ಇದ್ದಂಗ, ಕಾರಿನ ಸ್ಪೀಕರ್‌ಗೆ ಡೋರೇ ಡಬ್ಬಿ. ಆ ಡಬ್ಬಿ ಮುಚ್ಚಬೇಕು, ಅದರ ತಗಡು ನಡುಗಬಾರದು. ಈ ವಿಡಿಯೋದಾಗ ಹೆಚ್ಚು ಹೊತ್ತು ಇದಕ್ಕೇ ಕೊಡ್ತೀವಿ, ಯಾಕಂದ್ರ ಅಂಗಡಿಯಾಗ ಹೆಚ್ಚಾಗಿ ಬಿಟ್ಟುಹೋಗೋ ಕೆಲಸ ಇದೇ.

ದೃಶ್ಯ: ಎರಡು ಬಗೆಯ ಡ್ಯಾಂಪಿಂಗ್ ಶೀಟ್ ಪಕ್ಕಪಕ್ಕದಾಗ.

ನಿರೂಪಣೆ: ತಗಡಿನ ನಡುಕ ತಡಿಯೋ ಡ್ಯಾಂಪಿಂಗ್ ಶೀಟ್‌ನಾಗ ಎರಡು ಜಾತಿ. ಒಂದು ಬ್ಯೂಟೈಲ್ ರಬ್ಬರ್, ಮ್ಯಾಲ ಅಲ್ಯೂಮಿನಿಯಂ ಹಾಳೆ. ಇನ್ನೊಂದು ಡಾಂಬರಿಂದ ಮಾಡಿದ್ದು, ಅಗ್ಗ. ಬಳ್ಳಾರಿ, ರಾಯಚೂರು, ಕೊಪ್ಪಳದ ಬ್ಯಾಸಿಗಿಯಾಗ ಡಾಂಬರಿನದು ಬ್ಯಾಡವೇ ಬ್ಯಾಡ. ಹೊರಗ 42 ಡಿಗ್ರಿ ಇದ್ದಾಗ ಬಿಸಿಲಾಗ ನಿಂತ ಗಾಡಿ ಒಳಗ 60 ಡಿಗ್ರಿ ದಾಟ್ತದ, ಡೋರಿನ ಹೊರತಗಡು ಅದಕ್ಕಿಂತ ಹೆಚ್ಚು ಕಾಯ್ತದ. ಡಾಂಬರು ಮೆತ್ತಗಾಗಿ ಕೆಳಗ ಜಾರ್ತದ, ವಾಸನಿ ಬಿಡ್ತದ, ಕೊನಿಗೆ ಕಿಟಕಿ ಗಾಜಿನ ದಾರಿಗೂ ಅಂಟ್ತದ. ಕನಿಷ್ಠ 2 ಮಿ.ಮೀ ದಪ್ಪದ ಬ್ಯೂಟೈಲ್ ತಗೋರಿ. ಒಂದು ಡೋರಿಗೆ ಒಳಗು ಹೊರಗು ಸೇರಿ ಸುಮಾರು 1 ಚದರ ಮೀಟರ್ ಲೆಕ್ಕ ಹಿಡೀರಿ.

ಕೆಲಸ ಹ್ಯಾಂಗ ಅಂದ್ರ, ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡ್ರಿ. ಡೋರಿನಾಗ ಏರ್‌ಬ್ಯಾಗ್ ಸೆನ್ಸಾರ್ ಇರಬಹುದು, ಹಳದಿ ಕಪ್ಲರ್ ಕಂಡ್ರ ಅದನ್ನ ಮುಟ್ಟಬ್ಯಾಡ್ರಿ. ಡೋರ್ ಪ್ಯಾಡ್ ಬಿಚ್ಚುವಾಗ ಸ್ಕ್ರೂ ಡ್ರೈವರ್‌ನಿಂದ ಮೀಟಿದ್ರ ಕ್ಲಿಪ್ ಮುರೀತಾವ, ಪ್ಲಾಸ್ಟಿಕ್ ಪಟ್ಟಿ ಬಳಸ್ರಿ. ಹತ್ತು ಕ್ಲಿಪ್ ಹೆಚ್ಚಿಗೆ ತಂದಿಟ್ಕೊಂಡ್ರ ಚಲೋ. ಮುರಿದ ಕ್ಲಿಪ್ ಹಂಗೇ ಬಿಟ್ರ ನಾಳೆ ಬರೋ ಗಡಗಡ ಸಪ್ಪಳಕ್ಕ ಸ್ಪೀಕರ್‌ನ ಬೈತೀರಿ.

ದೃಶ್ಯ: ಹೊರತಗಡಿನ ಒಳಮೈ ಒರೆಸ್ತಿದ್ದಾರ. ಬಟ್ಟಿ ಕೆಂಪಗಾಗ್ತದ.

ನಿರೂಪಣೆ: ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ಹಿಂದ ಓಡಾಡೋ ಗಾಡಿ ಇದ್ರ ಒಳಗ ಹಿಂಗ ಕೆಂಪು ಧೂಳು ಕೂತಿರ್ತದ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆಯದಾದ್ರ ಹಾರುಬೂದಿ. ಗಾಜಿನ ಬೀಡಿಂಗ್ ರಬ್ಬರ್ ಸಂದಿಯಿಂದ ನೀರು, ಧೂಳು ಎರಡೂ ಇಳೀತಾವ. ಈ ಧೂಳಿನ ಮ್ಯಾಲ ಶೀಟ್ ಹಚ್ಚಿದ್ರ ಅದು ಧೂಳಿಗೆ ಅಂಟ್ತದ, ತಗಡಿಗಲ್ಲ. ಮೊದಲು ಒದ್ದಿ ಬಟ್ಟಿ, ಒಣಗಿದ ಮ್ಯಾಲ ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟಿ ಬೆಳ್ಳಗ ಬರೋತನ ಒರೆಸ್ರಿ. ಬೆಳಿಗ್ಗಿ ನೆರಳಿನಾಗ ಮಾಡೋ ಕೆಲಸ ಇದು. ಕಾದ ತಗಡಿನ ಮ್ಯಾಲ ಆಲ್ಕೊಹಾಲ್ ಒರೆಸೋಕಿಂತ ಮೊದಲೇ ಆರಿಹೋಗ್ತದ.

ಹೊರತಗಡು ಪೂರ್ತಿ ಮುಚ್ಚೋದು ಬೇಕಿಲ್ಲ. ಬೆರಳಿನಿಂದ ಬಡಿದು ನೋಡ್ರಿ, ಡಣ್ ಅನ್ನೋ ನಡುಭಾಗದಾಗ ಅರ್ಧದಷ್ಟು ಮುಚ್ಚಿದ್ರ ಸಾಕು, ಸ್ಪೀಕರ್ ಹಿಂದ ಮಾತ್ರ ಪೂರ್ತಿ. ರೋಲರ್‌ನಿಂದ ಒತ್ತಿ ಒತ್ತಿ ತಗಡಿಗೆ ಕೂಡಿಸ್ರಿ. ಕೈಯಿಂದ ಒತ್ತಿದ್ದು ಮೂರು ಬ್ಯಾಸಿಗಿ ತಡೆಯಂಗಿಲ್ಲ. ಡೋರಿನ ತಳದಾಗ ಮಳಿ ನೀರು ಹೋಗೋ ಸಣ್ಣ ರಂಧ್ರ ಇರ್ತಾವ. ಅವನ್ನ ಮುಚ್ಚಿದ್ರ ಡೋರ್ ತಳ ಎರಡು ಮೂರು ಮಳಿಗಾಲದಾಗ ತುಕ್ಕು ಹಿಡೀತದ.

ಒಳತಗಡಿನ ದೊಡ್ಡ ರಂಧ್ರಕ್ಕ ಬರೀ ಶೀಟ್ ಅಂಟಿಸಿದ್ರ ಅದು ಉಸಿರಾಡಿದಂಗ ಒಳಗ ಹೊರಗ ಆಡ್ತದ. 1 ಮಿ.ಮೀ ಅಲ್ಯೂಮಿನಿಯಂ ತಗಡು ಅಳತಿಗೆ ಕತ್ತರಿಸಿ ಸ್ಕ್ರೂ ಹಾಕ್ರಿ, ಅಂಚಿಗೆ ಬ್ಯೂಟೈಲ್ ಕೊಡ್ರಿ. ರಿವೆಟ್ ಬ್ಯಾಡ, ಯಾಕಂದ್ರ ಪವರ್ ವಿಂಡೋ ಮೋಟಾರ್ ಕೆಟ್ಟ ದಿನ ಅದನ್ನ ಬಿಚ್ಚಲೇಬೇಕಾಗ್ತದ. ಲಾಕ್ ರಾಡ್ ಸಲೀಸಾಗಿ ಆಡ್ತದೋ ಇಲ್ಲೋ ಮುಚ್ಚೋಕಿಂತ ಮೊದಲು ನೋಡ್ರಿ.

ದೃಶ್ಯ: ಕಾಂಪೊನೆಂಟ್ ಸೆಟ್. ವೂಫರ್ (ದಪ್ಪ ಸದ್ದಿನ ದೊಡ್ಡ ಸ್ಪೀಕರ್), ಟ್ವೀಟರ್ (ತೆಳು ಸದ್ದಿನ ಸಣ್ಣ ಸ್ಪೀಕರ್), ಕ್ರಾಸ್‌ಓವರ್ (ಸದ್ದನ್ನ ಇವೆರಡಕ್ಕೂ ಹಂಚೋದು).

ನಿರೂಪಣೆ: ಈಗ ಸ್ಪೀಕರ್. ಬಹಳಷ್ಟು ಗಾಡಿಗಳ ಮುಂದಿನ ಡೋರಿನಾಗ 6.5 ಇಂಚಿಂದು ಕೂಡ್ತದ, ಕೆಲವು ಟೊಯೋಟಾ ಗಾಡಿಗಳಾಗ ಮೊಟ್ಟಿ ಆಕಾರದ 6×9. ವ್ಯಾಸಕ್ಕಿಂತ ಆಳ ಮುಖ್ಯ. ಗಾಜು ಪೂರ್ತಿ ಕೆಳಗ ಇಳಿಸಿ, ಒಳತಗಡಿಂದ ಗಾಜಿನತನ ಅಳೀರಿ. ದೊಡ್ಡ ಮ್ಯಾಗ್ನೆಟ್ ಗಾಜಿಗೆ ತಾಗಿದ್ರ ಸ್ಪೇಸರ್ ರಿಂಗ್ ಕೊಟ್ಟು ಮುಂದ ತರಬೇಕು. ಆ ರಿಂಗ್ ಎಂಡಿಎಫ್‌ನದು (ಮರದ ನಾರು ಒತ್ತಿ ಮಾಡಿದ ಹಲಗಿ) ಬ್ಯಾಡ, ನೀರು ಕುಡಿದು ಉಬ್ಬಿ ಪುಡಿಯಾಗ್ತದ. ಪ್ಲಾಸ್ಟಿಕ್ ರಿಂಗ್ ಹಾಕ್ರಿ. ರಿಂಗ್ ಮತ್ತ ತಗಡಿನ ನಡುವ, ಸ್ಪೀಕರ್ ಮತ್ತ ಡೋರ್ ಪ್ಯಾಡ್ ನಡುವ ಫೋಮ್ ಗ್ಯಾಸ್ಕೆಟ್ ಇರಲಿ. ಇಲ್ಲಾಂದ್ರ ಅರ್ಧ ಸೌಂಡ್ ಪ್ಯಾಡ್ ಹಿಂದೇ ಉಳೀತದ.

ನಮ್ಮ ಹವಾಗೆ ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಅಂಚು ಇರೋದು ಬಾಳಿಕಿ ಬರ್ತದ. ಫೋಮ್ ಅಂಚು ಬಿಸಿಲಿಗೆ ಹರೀತದ. ಡೋರ್ ತಗಡು ಕೊರೆಯೋದೇನರ ಇದ್ರ ಸ್ಪೀಕರ್‌ನ ಡಬ್ಬಿಯಿಂದ ಹೊರಗ ತೆಗೀಬ್ಯಾಡ್ರಿ. ಕಬ್ಬಿಣದ ಪುಡಿ ಮ್ಯಾಗ್ನೆಟ್‌ಗೆ ಅಂಟಿ, ಕಾಯಿಲ್ ಆಡೋ ಸಂದಿಗೆ ಹೊಕ್ರ ಕರಕರ ಅಂತದ, ಆಮ್ಯಾಲ ಅದನ್ನ ತೆಗಿಯಾಕ ಆಗಂಗಿಲ್ಲ.

ಟ್ವೀಟರ್ ಕಂಪನಿ ಕೊಟ್ಟ ಜಾಗದಾಗ ಇಲ್ಲಾ ಎ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮ್ಯಾಲ. ಕರ್ಟನ್ ಏರ್‌ಬ್ಯಾಗ್ (ಕಿಟಕಿ ಮ್ಯಾಲಿಂದ ಪರದಿ ಹಂಗ ಇಳಿಯೋದು) ಇರೋ ಗಾಡಿಯಾಗ ಆ ಪಿಲ್ಲರ್ ಒಳಗೇ ಏರ್‌ಬ್ಯಾಗ್ ಹಾದಿ ಇರ್ತದ. ಅದರ ಮುಂದ ಟ್ವೀಟರ್ ಕೂಡಿಸಿದ್ರ ಅಪಘಾತದ ಹೊತ್ತಿನಾಗ ಅದೇ ಮಾರಿಗೆ ಸಿಡೀತದ. ಇದರಾಗ ರಾಜಿ ಇಲ್ಲ. ವಯರ್ ಏರ್‌ಬ್ಯಾಗ್ ಹಿಂದಿನಿಂದ ಎಳೀರಿ, ಇಲ್ಲಾಂದ್ರ ಡ್ಯಾಶ್‌ಬೋರ್ಡ್ ಮೂಲಿ ಸಾಕು.

ಹಿಂದಿನ ಡೋರಿನ ಸ್ಪೀಕರ್‌ಗೆ ರೊಕ್ಕ ಹಾಕೋದು ಬ್ಯಾಡ, ಹಂಗೇ ಇರಲಿ. ಆ ರೊಕ್ಕ ಆಂಪ್‌ಗೆ, ಅಂದ್ರ ಸದ್ದಿನ ಶಕ್ತಿ ಹೆಚ್ಚಿಸೋ ಆಂಪ್ಲಿಫೈಯರ್‌ಗೆ ಇಡ್ರಿ.

ದೃಶ್ಯ: ಸ್ಟೀರಿಯೋ ಪೆಟ್ಟಿಗಿ ಮ್ಯಾಲ 50 ವ್ಯಾಟ್ × 4 ಅಂತ ಬರೆದದ್ದು.

ನಿರೂಪಣೆ: ಇದು ಕ್ಷಣಮಾತ್ರದ ಲೆಕ್ಕ. ಸ್ಟೀರಿಯೋ ಒಳಗಿನ ಐಸಿ ಚಿಪ್‌ಗೆ ಸಿಗೋದು 14 ವೋಲ್ಟ್. ಅದರಿಂದ 4 ಓಂ ಸ್ಪೀಕರ್‌ಗೆ ಬರೋ ನಿಜವಾದ ಆರ್‌ಎಂಎಸ್ (ಸತತವಾಗಿ ಕೊಡೋ) ಶಕ್ತಿ 15ರಿಂದ 20 ವ್ಯಾಟ್ ಅಷ್ಟೇ. ಫೋಕಲ್, ಮೋರೆಲ್, ಹರ್ಟ್ಸ್‌ನಂಥ ಕಂಪನಿಗಳ ಮ್ಯಾಲಿನ ದರ್ಜಿ ಸೆಟ್‌ಗಳು 60ರಿಂದ 100 ವ್ಯಾಟ್ ಕೇಳ್ತಾವ. ಕಡಿಮಿ ಶಕ್ತಿ ಕೊಟ್ಟು ವಾಲ್ಯೂಮ್ ತಿರುವಿದ್ರ ಅಲೆಯ ತುದಿ ಕತ್ತರಿಸಿ ಹೋಗ್ತದ. ಕಿವಿಗೆ ಚುಚ್ಚೋದು ಅದೇ, ಟ್ವೀಟರ್ ಸುಡೋದೂ ಹೆಚ್ಚಾಗಿ ಅದರಿಂದನೇ.

ನಾಲ್ಕು ಚಾನಲ್ ಆಂಪ್, ಚಾನಲ್‌ಗೆ 75 ವ್ಯಾಟ್ ಆರ್‌ಎಂಎಸ್ ಅಂತ ಇಟ್ಕೊಳ್ರಿ. ಒಟ್ಟು 300 ವ್ಯಾಟ್. ಆಂಪ್‌ನಾಗ ಕ್ಲಾಸ್ ಡಿ, ಕ್ಲಾಸ್ ಎಬಿ ಅಂತ ಬಗೆ ಇರ್ತಾವ. ಕ್ಲಾಸ್ ಡಿ ಆದ್ರ 80 ಪ್ರತಿಶತ ದಕ್ಷತಿ, ಬ್ಯಾಟರಿಯಿಂದ 375 ವ್ಯಾಟ್ ಎಳೀತದ, ಅಂದ್ರ 13.8 ವೋಲ್ಟ್‌ಗೆ 27 ಆಂಪಿಯರ್. ಕ್ಲಾಸ್ ಎಬಿ ಆದ್ರ 55 ಪ್ರತಿಶತ ಹಿಡಿದ್ರೂ ಸುಮಾರು 40 ಆಂಪಿಯರ್, ಉಳಿದದ್ದೆಲ್ಲ ಶಾಖ. ನಮ್ಮ ಬಿಸಿಲಿಗೆ ಕ್ಲಾಸ್ ಡಿ ಆರಿಸ್ರಿ. ಸೀಟಿನ ಕೆಳಗ ಇಟ್ರ ಎಸಿ ಗಾಳಿ ಸಿಗ್ತದ, ಆದ್ರ ಸುತ್ತ ಮೂರು ನಾಲ್ಕು ಸೆಂ.ಮೀ ಜಾಗ ಬಿಡ್ರಿ. ಕಾರ್ಪೆಟ್ ಅಡಿ ಹೂತಿಟ್ಟ ಆಂಪ್ ಮಧ್ಯಾಹ್ನದ ಹೊತ್ತಿಗೆ ಕಾದು ತಾನೇ ಬಂದ್ ಆಗ್ತದ.

ದೃಶ್ಯ: ಬಾನೆಟ್ ಒಳಗ, ಬ್ಯಾಟರಿ ಪಕ್ಕ ಫ್ಯೂಸ್ ಹೋಲ್ಡರ್.

ನಿರೂಪಣೆ: ಈ ಆಂಪ್‌ಗೆ 8 ಗೇಜ್, ಅಂದ್ರ ಸುಮಾರು 8 ಚದರ ಮಿ.ಮೀ ತಾಮ್ರದ ವಯರ್, 40 ಆಂಪಿಯರ್ ಫ್ಯೂಸ್. ಸಬ್‌ಗೆ (ಬರೀ ಬೇಸ್ ನುಡಿಸೋ ಸಬ್‌ವೂಫರ್) ಬ್ಯಾರೆ ಆಂಪ್ ಕೂಡಿಸೋ ವಿಚಾರ ಇದ್ರ ಈಗಲೇ 4 ಗೇಜ್ ಎಳೀರಿ. ಅಗ್ಗದ ಕಿಟ್‌ನಾಗ ತಾಮ್ರ ಬಳಿದ ಅಲ್ಯೂಮಿನಿಯಂ ಬರ್ತದ. ಒಂದು ಎಳಿ ಚಾಕುವಿನಿಂದ ಕೆರೆದು ನೋಡ್ರಿ, ಒಳಗ ಬೆಳ್ಳಗಿದ್ರ ಅಂಗಡಿಗೆ ವಾಪಸ್ ಕೊಡ್ರಿ. 5 ಮೀಟರ್ ತಾಮ್ರದಾಗ 27 ಆಂಪಿಯರ್ ಹರಿದ್ರ 0.3 ವೋಲ್ಟ್ ಹತ್ರ ಬೀಳ್ತದ. ಅಲ್ಯೂಮಿನಿಯಂದಾಗ ಅದರ ಒಂದೂವರಿ ಪಟ್ಟಿಗಿಂತ ಹೆಚ್ಚು.

ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ ಒಳಗೇ ಇರಬೇಕು. ಅದು ಕಾಪಾಡೋದು ವಯರ್‌ನ. ಬಾನೆಟ್‌ನಿಂದ ಒಳಗ ಬರೋ ತಗಡಿನ ಅಂಚಿಗೆ ವಯರ್ ತಿಕ್ಕಿ ಸಿಪ್ಪಿ ಹರಿದ್ರ ಬ್ಯಾಟರಿಯ ಪೂರ್ತಿ ಕರೆಂಟ್ ಗಾಡಿಯ ತಗಡಿಗೆ ಹೋಗ್ತದ, ಗಾಡಿಗೆ ಬೆಂಕಿ ಬೀಳೋದು ಹಿಂಗ. ರಬ್ಬರ್ ಗ್ರೊಮೆಟ್ (ರಂಧ್ರದ ಅಂಚಿಗೆ ಹಾಕೋ ಬಳಿ) ಮೂಲಕನೇ ಎಳೀರಿ. ಸಿಎನ್‌ಜಿ ಪೈಪ್ ಪಕ್ಕ ಬ್ಯಾಡ. ಎಲೆಕ್ಟ್ರಿಕ್ ಗಾಡಿಯಾಗ ಕಿತ್ತಳಿ ಬಣ್ಣದ ಕೇಬಲ್ ಹತ್ರಕ್ಕೂ ಹೋಗಬ್ಯಾಡ್ರಿ.

ಆಂಪ್‌ನಿಂದ ಗಾಡಿಯ ತಗಡಿಗೆ ಹೋಗೋ ಬಾಡಿ ಅರ್ತ್ ವಯರ್ 45 ಸೆಂ.ಮೀಗಿಂತ ಉದ್ದ ಬ್ಯಾಡ. ಬಣ್ಣ ಕೆರೆದು ಹೊಳಿಯೋ ತಗಡಿಗೆ ಬೋಲ್ಟ್ ಬಿಗೀರಿ, ಮ್ಯಾಲ ಬಣ್ಣ ಇಲ್ಲಾ ಗ್ರೀಸ್ ಹಚ್ಚರಿ. ಸೀಟ್ ಬೆಲ್ಟ್ ಬೋಲ್ಟ್ ಇದಕ್ಕ ಬಳಸಬ್ಯಾಡ್ರಿ. ಹೊಸ ಗಾಡಿಗಳಾಗ ಬ್ಯಾಟರಿ ನೆಗೆಟಿವ್ ಮ್ಯಾಲ ಸೆನ್ಸಾರ್ ಇರ್ತದ. ಅರ್ತ್ ನೇರ ನೆಗೆಟಿವ್ ಟರ್ಮಿನಲ್‌ಗೆ ಕೊಟ್ರ ಸೆನ್ಸಾರ್‌ಗೆ ಆಂಪ್ ಎಳಿಯೋ ಕರೆಂಟ್ ಕಾಣಂಗಿಲ್ಲ, ಚಾರ್ಜಿಂಗ್ ಲೆಕ್ಕ ತಪ್ತದ.

ಪವರ್ ವಯರ್ ಗಾಡಿಯ ಒಂದು ಮಗ್ಗುಲು, ಸ್ಟೀರಿಯೋದಿಂದ ಆಂಪ್‌ಗೆ ಸಿಗ್ನಲ್ ಒಯ್ಯೋ ಆರ್‌ಸಿಎ ವಯರ್ ಇನ್ನೊಂದು ಮಗ್ಗುಲು. ಎಕ್ಸಲರೇಟರ್ ಒತ್ತಿದಂಗ ಏರೋ ಕುಂಯ್ ಸಪ್ಪಳ ಬಂದ್ರ ಮೊದಲು ಅರ್ತ್ ನೋಡ್ರಿ. ಆಮ್ಯಾಲ ಆಂಪ್‌ನಿಂದ ಆರ್‌ಸಿಎ ಕಿತ್ತು ನೋಡ್ರಿ, ಸಪ್ಪಳ ಹೋದ್ರ ದೋಷ ಆ ವಯರಿನ ಕಡೆ ಅದ.

ಕಂಪನಿ ಸ್ಟೀರಿಯೋನೇ ಇಟ್ಕೊಂಡ್ರ ಅದರ ಸ್ಪೀಕರ್ ವಯರ್‌ನಿಂದ ಆಂಪ್‌ನ ಹೈ ಲೆವೆಲ್ ಇನ್‌ಪುಟ್‌ಗೆ ಸಿಗ್ನಲ್ ಕೊಡ್ರಿ. ಗಾಡಿಗೆ ಹೊಂದೋ ಕಪ್ಲರ್ ಸಿಗ್ತದ, ವಯರ್ ಕತ್ತರಿಸಬ್ಯಾಡ್ರಿ, ವಾರಂಟಿ ತಕರಾರು ಶುರುವಾಗೋದು ಅಲ್ಲೇ. ಕೆಲವು ಕಂಪನಿ ಸ್ಟೀರಿಯೋಗಳು ವಾಲ್ಯೂಮ್ ಏರಿದಂಗ ತಾವೇ ಬೇಸ್ ಇಳಿಸ್ತಾವ, ಸಣ್ಣ ಸ್ಪೀಕರ್ ಉಳೀಲಿ ಅಂತ. ಅಂಥದ್ದಕ್ಕ ಡಿಎಸ್‌ಪಿ, ಅಂದ್ರ ಸಿಗ್ನಲ್ ತಿದ್ದೋ ಡಿಜಿಟಲ್ ಸಾಧನ ಬೇಕು.

ದೃಶ್ಯ: ಲ್ಯಾಪ್‌ಟಾಪ್ ಪರದಿ, ಡಿಎಸ್‌ಪಿ ಸಾಫ್ಟ್‌ವೇರ್. ಪಕ್ಕದಾಗ ಮಲ್ಟಿಮೀಟರ್.

ನಿರೂಪಣೆ: ಮೊದಲು ಗೇನ್. ಗೇನ್ ಅಂದ್ರ ವಾಲ್ಯೂಮ್ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪ್‌ನ ಹೊಂದಿಸೋದು. ಸ್ಪೀಕರ್ ವಯರ್ ಬಿಚ್ಚಿ, ಬೇಸ್ ಬೂಸ್ಟ್ ಬಂದ್ ಮಾಡಿ, ವಾಲ್ಯೂಮ್ ಮುಕ್ಕಾಲಿಗೆ ಇಡ್ರಿ. 1000 ಹರ್ಟ್ಸ್‌ನ 0 ಡಿಬಿ ಟೋನ್ (ಪೂರ್ತಿ ಮಟ್ಟದ ಪರೀಕ್ಷಾ ಸದ್ದು) ಹಚ್ಚಿ, ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಹಾಕ್ರಿ. ವ್ಯಾಟ್‌ನ ಓಂನಿಂದ ಗುಣಿಸಿ ವರ್ಗಮೂಲ ತೆಗೀರಿ: 75 ಗುಣಿಸು 4 ಅಂದ್ರ 300, ಅದರ ಮೂಲ 17.3. ಮೀಟರ್ 17.3 ತೋರಿಸಿದಾಗ ಗೇನ್ ನಿಲ್ಲಿಸ್ರಿ. ಸಬ್‌ಗೆ ಇದನ್ನೇ 50 ಹರ್ಟ್ಸ್ ಟೋನ್‌ನಿಂದ ಮಾಡ್ರಿ.

ಡೋರ್ ಸ್ಪೀಕರ್‌ಗೆ 80 ಹರ್ಟ್ಸ್ ಹೈ ಪಾಸ್ (ಅದಕ್ಕಿಂತ ಮ್ಯಾಲಿನದನ್ನ ಮಾತ್ರ ಬಿಡೋದು), ಸಬ್‌ಗೆ 80 ಹರ್ಟ್ಸ್ ಲೋ ಪಾಸ್ (ಕೆಳಗಿನದನ್ನ ಮಾತ್ರ ಬಿಡೋದು). ಸಬ್ ಅಂದ್ರ 10 ಇಂಚಿಂದು ಮುಚ್ಚಿದ ಡಬ್ಬಿಯಾಗ, 18 ಮಿ.ಮೀ ಎಂಡಿಎಫ್, ಸುಮಾರು 25 ಲೀಟರ್ ಒಳಜಾಗ. ಇದು ಡಿಕ್ಕಿಯಾಗ ಒಣಗಿರ್ತದ, ಹಂಗಾಗಿ ಎಂಡಿಎಫ್ ನಡೀತದ. ಡಿಕ್ಕಿ ಬಿಟ್ಟುಕೊಡಾಕ ಆಗಂಗಿಲ್ಲ ಅಂದ್ರ ಸೀಟಿನ ಕೆಳಗಿನ 8 ಇಂಚಿನ ಸಬ್ ಆಗ್ತದ.

ಇನ್ನು ಟೈಮ್ ಅಲೈನ್‌ಮೆಂಟ್, ಅಂದ್ರ ಎರಡೂ ಕಡಿಯ ಸದ್ದು ಒಟ್ಟಿಗೇ ಕಿವಿ ಮುಟ್ಟೋ ಹಂಗ ಮಾಡೋದು. ನಮ್ಮಲ್ಲಿ ಡ್ರೈವರ್ ಕೂಡೋದು ಬಲಕ್ಕ. ಬಲ ಡೋರಿನ ಸ್ಪೀಕರ್ ತಲಿಯಿಂದ 80 ಸೆಂ.ಮೀ, ಎಡದ್ದು 140 ಸೆಂ.ಮೀ ಇದ್ರ ಅಂತರ 60 ಸೆಂ.ಮೀ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗ್ತದ, ಅಂದ್ರ ಬಲದ್ದು 1.7 ಮಿಲಿಸೆಕೆಂಡ್ ಮೊದಲೇ ಮುಟ್ತದ. ಡಿಎಸ್‌ಪಿಯಾಗ ಬಲದ್ದಕ್ಕ ಅಷ್ಟೇ ತಡ ಕೊಡ್ರಿ. ಒಂದು ದಾಸರ ಪದ ಹಚ್ಚರಿ. ಹಾಡೋರ ದನಿ ಬಾಗಿಲಿನಿಂದ ಎದ್ದು ಡ್ಯಾಶ್‌ಬೋರ್ಡ್ ನಡುವ ಬಂದು ನಿಲ್ತದ, ಹಿಂದ ತಂಬೂರಿ ಹರಡ್ತದ, ತಬಲಾದ ಡಗ್ಗಾ ಬ್ಯಾರೆಯಾಗಿ ಕೇಳ್ತದ. ಇಷ್ಟೆಲ್ಲ ಖರ್ಚು ಮಾಡೋದು ಇದಕ್ಕ. ದನಿ ಚದುರಿ ಬೇಸ್ ಮಾಯ ಆದ್ರ ಒಂದು ವೂಫರ್‌ನ ಪ್ಲಸ್ ಮೈನಸ್ ಅದಲು ಬದಲಾಗಿದೆ ಅಂತ ತಿಳೀರಿ. 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸ್ರಿ, ಕೋನ್ ಹೊರಗ ಬಂದ್ರ ಸರಿ. ಟ್ವೀಟರ್‌ಗೆ ಈ ಪರೀಕ್ಷಿ ಬ್ಯಾಡ.

ಪಕ್ಕಾ ಹೈ ಎಂಡ್ ಬೇಕು ಅನ್ನೋರು ಟ್ವೀಟರ್, ವೂಫರ್ ಎರಡಕ್ಕೂ ಬ್ಯಾರೆ ಬ್ಯಾರೆ ಆಂಪ್ ಚಾನಲ್ ಕೊಟ್ಟು ಕ್ರಾಸ್‌ಓವರ್ ಡಿಎಸ್‌ಪಿಯಾಗೇ ಮಾಡ್ತಾರ. ಅವಾಗ ಟ್ವೀಟರ್ ಜೋಡಿಸೋ ಮೊದಲೇ ಅದರ ಹೈ ಪಾಸ್ ಹಾಕಿರಬೇಕು, ಸುಮಾರು 3000 ಹರ್ಟ್ಸ್‌ಗೆ. ಮರೆತು ಆನ್ ಮಾಡಿದ್ರ ಟ್ವೀಟರ್ ಒಂದೇ ಏಟಿಗೆ ಸುಡ್ತದ. ಕಾವಲಿಗೆ 47 ಮೈಕ್ರೊಫ್ಯಾರಡ್‌ನ ನಾನ್ ಪೋಲಾರ್ ಕೆಪಾಸಿಟರ್ ಸಾಲಾಗಿ ಕೂಡಿಸ್ರಿ. 4 ಓಂ ಟ್ವೀಟರ್‌ಗೆ ಅದು ಸುಮಾರು 850 ಹರ್ಟ್ಸ್‌ನಿಂದ ಕೆಳಗಿನದನ್ನ ತಡೀತದ.

ಪೆನ್‌ಡ್ರೈವ್‌ನಾಗ ಅಂಗಡಿಯಿಂದ ತುಂಬಿಸಿದ 64, 128 ಕೆಬಿಪಿಎಸ್ ಹಾಡು ಇದ್ರ ಈ ಸಿಸ್ಟಮ್ ಅದರ ಹುಳುಕನ್ನೇ ಎತ್ತಿ ತೋರಿಸ್ತದ. 320 ಕೆಬಿಪಿಎಸ್ ಇಲ್ಲಾ ಫ್ಲ್ಯಾಕ್ (ಗುಣಮಟ್ಟ ಕಳಕೊಳ್ಳದ ಫೈಲ್) ಹಾಕ್ರಿ, ಫೋನ್ ಆದ್ರ ಕೇಬಲ್‌ನಿಂದ ಜೋಡಿಸ್ರಿ. ಕಿವಿನೂ ಕಾಯ್ಕೋರಿ: 85 ಡೆಸಿಬಲ್ ಆದ್ರ ದಿನಕ್ಕ ಎಂಟು ತಾಸು ನಡೀತದ, 100 ಡೆಸಿಬಲ್ ಆದ್ರ ಹದಿನೈದೇ ನಿಮಿಷ.

ಬಿಲ್ ಜೋಪಾನ ಮಾಡಿ, ಇನ್ಶೂರೆನ್ಸ್ ಪಾಲಿಸಿಯಾಗ ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಬರೆಸ್ರಿ. ಬರೆಸದಿದ್ರ ಕಳವಾದಾಗ ಆಂಪ್‌ಗೆ ಪರಿಹಾರ ಸಿಗೋದು ಕಷ್ಟ. ಹದಿನೈದು ದಿನ ಓಡಿಸಿದ ಮ್ಯಾಲ ಅರ್ತ್ ಬೋಲ್ಟ್ ಮತ್ತೊಮ್ಮೆ ಬಿಗೀರಿ. ಅರ್ಧ ತಾಸು ಜೋರಾಗಿ ಹಚ್ಚಿ, ಬಂದ್ ಮಾಡಿದ ಕೂಡಲೇ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡ್ರಿ. ಸುತ್ತಲಿನ ಭಾಗಕ್ಕಿಂತ ಅದೊಂದೇ ಹೆಚ್ಚು ಕಾದಿದ್ರ ಒಳಗ ವಯರ್ ಸಡಿಲ ಅದ. ಅದನ್ನ ಬಿಚ್ಚಿ, ಹೊಸದಾಗಿ ಸಿಪ್ಪಿ ಸುಲಿದು, ಲಗ್ (ವಯರ್ ತುದಿಗೆ ಹಾಕೋ ಲೋಹದ ತುಂಡು) ಹಾಕಿ ಒತ್ತಿಸಿ ಕೂಡಿಸ್ರಿ.