ತೋಗ್ ಗ್ರಾಮದ ಶಾಸನ

ಕೇಳುಗರಿಗೆ ನಮಸ್ಕಾರ.

ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಕಾಕಸಸ್ ಸೀಮೆಯ ಒಂದು ಹಳ್ಳಿಯ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಹೆಸರು ತೋಗ್. ಅಜರ್‌ಬೈಜಾನಿನವರ ಬಾಯಲ್ಲಿ ತುಗ್. ನಗೋರ್ನೊ-ಕರಬಾಖ್ ಎಂದು ಸುದ್ದಿಗಳಲ್ಲಿ ಕೇಳಿದ್ದೇವಲ್ಲ, ಅದರ ದಕ್ಷಿಣದ ಹಾದ್ರುತ್ ಭಾಗದಲ್ಲಿದೆ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಆ ನೆಲ ಅಜರ್‌ಬೈಜಾನಿನದು. ಅಲ್ಲಿ ಉತ್ತು ಬಿತ್ತಿ ಬಾಳಿದವರಲ್ಲಿ ಬಹುಪಾಲು ಅರ್ಮೇನಿಯನ್ನರು.

18ನೆಯ ಶತಮಾನದಲ್ಲಿ ಈ ಬೆಟ್ಟಗಳನ್ನು ಐದು ಅರ್ಮೇನಿಯನ್ ಮನೆತನಗಳು ಪರ್ಷಿಯಾದ ಅಧೀನದಲ್ಲಿ ಆಳುತ್ತಿದ್ದವು. ಆಳುವವನಿಗೆ ಮೆಲಿಕ್ ಎಂದು ಬಿರುದು. ನಮ್ಮ ಪಾಳೆಯಗಾರರ ಹಾಗೆ. ದಿಜಾಕ್ ಸೀಮೆಯ ಮೆಲಿಕ್ ಯೇಗಾನನ ಅರಮನೆ ತೋಗ್‌ನಲ್ಲೇ ಇತ್ತು. ಅಲ್ಲಿನ ಕಲ್ಲಿನ ಮೇಲೆ ಅರ್ಮೇನಿಯನ್ ಲಿಪಿಯ ಶಾಸನವಿದೆ. ಅದು 1737ರದು. ಸನಿಹದ ಬೆಟ್ಟದಲ್ಲಿ ಗ್ತಿಚವಾಂಕ್ ಮಠ, 13ನೆಯ ಶತಮಾನದ ಕಟ್ಟಡ. ಒಂದು ಊರಿನ ಚರಿತ್ರೆ ಬರೆಯಲು ಹೊರಟವನಿಗೆ ಶಾಸನಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲವೆಂದು ನಾನು ನಂಬಿದವನು.

ಊರಿನ ಜೀವ ಇದ್ದದ್ದು ದ್ರಾಕ್ಷಿ ತೋಟದಲ್ಲಿ. ಖ್ನ್ದೊಘ್ನಿ ಎಂಬ ಕಪ್ಪು ದ್ರಾಕ್ಷಿ ಆ ಸೀಮೆಯದೇ ತಳಿ. ಅದರಿಂದ ಮಾಡಿದ ‘ಕತಾರೊ’ ವೈನ್ ತೋಗ್‌ಗೆ ಹೆಸರು ತಂದಿತು. 2014ರಿಂದ ಅಲ್ಲಿ ವೈನ್ ಹಬ್ಬವೂ ನಡೆಯತೊಡಗಿತು. ಕರಬಾಖಿನ ಅಡುಗೆಮನೆಯಲ್ಲಿ ಝೆಂಗ್ಯಾಲೊವ್ ಹಾತ್ಸ್ ಎಂಬ ಸೊಪ್ಪಿನ ರೊಟ್ಟಿ ಇಲ್ಲದ ವಸಂತವಿರಲಿಲ್ಲ. ಹತ್ತಾರು ಬಗೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ, ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ತುಂಬಿ, ಅಂಚು ಒತ್ತಿ ಮುಚ್ಚಿ, ಕಾದ ಕಬ್ಬಿಣದ ಹೆಂಚಿನ ಮೇಲೆ ಬೇಯಿಸುತ್ತಾರೆ. ಯಾವ ಸೊಪ್ಪು ಯಾವ ಇಳಿಜಾರಿನಲ್ಲಿ ಯಾವಾಗ ಚಿಗುರುತ್ತದೆ ಎಂಬುದು ಅಲ್ಲಿನ ಹೆಂಗಸರಿಗೆ ಗೊತ್ತಿತ್ತು. ಬೆಟ್ಟ ಕಳೆದುಕೊಂಡವರಿಗೆ ಆ ತಿಳಿವಳಿಕೆಯನ್ನು ಮಕ್ಕಳ ಕೈಗೆ ದಾಟಿಸುವುದು ಎಷ್ಟು ಕಷ್ಟ!

ತೋಗ್‌ನಲ್ಲಿ ಅಜರ್‌ಬೈಜಾನಿ ಮನೆಗಳೂ ಇದ್ದವು. ಇದನ್ನು ಮುಚ್ಚಿಡಬಾರದು. 1991ರಲ್ಲಿ, ಕರಬಾಖಿಗಾಗಿ ಅರ್ಮೇನಿಯನ್ನರಿಗೂ ಅಜರ್‌ಬೈಜಾನಿಗಳಿಗೂ ನಡೆದ ಮೊದಲ ಯುದ್ಧದ ಹೊತ್ತಿಗೆ, ಅವರು ಊರು ಬಿಡಬೇಕಾಯಿತು. ಆ ಯುದ್ಧದಲ್ಲಿ ಲಕ್ಷಾಂತರ ಅಜರ್‌ಬೈಜಾನಿಗಳು ನೆಲೆ ಕಳೆದುಕೊಂಡರು. 2020ರ ಶರತ್ಕಾಲದ 44 ದಿನಗಳ ಯುದ್ಧದಲ್ಲಿ ಅರ್ಮೇನಿಯನ್ನರ ಸರದಿ ಬಂತು. ತೋಗ್ ಅಜರ್‌ಬೈಜಾನಿನ ವಶವಾಯಿತು, ತೋಟ, ಪೀಪಾಯಿ ಎಲ್ಲ ಬಿಟ್ಟು ಅವರೂ ಹೊರಟರು. 2023ರ ಸೆಪ್ಟೆಂಬರಿನಲ್ಲಿ ಕರಬಾಖಿನಲ್ಲಿ ಉಳಿದಿದ್ದ 1 ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಗಡಿ ದಾಟಿ ಅರ್ಮೇನಿಯಕ್ಕೆ ಹೋದರು.

ನನ್ನ ಚಿಂತೆ ಈಗ ಆ ಕಲ್ಲುಗಳದು. ಆ ಸೀಮೆಯ ಚರ್ಚುಗಳು ಅರ್ಮೇನಿಯನ್ನರವಲ್ಲ, ಪ್ರಾಚೀನ ಕಾಕಸಸ್ ಅಲ್ಬೇನಿಯದವು ಎಂದು ಅಜರ್‌ಬೈಜಾನ್ ಸರ್ಕಾರ ವಾದಿಸುತ್ತದೆ. ಇಂದಿನ ಯುರೋಪಿನ ಅಲ್ಬೇನಿಯ ಅಲ್ಲ, ಅದೇ ಹೆಸರಿನ ಬೇರೊಂದು ಹಳೆಯ ರಾಜ್ಯ ಅಲ್ಲಿ ಇದ್ದದ್ದು ನಿಜ. ಆದರೆ 1737ರಲ್ಲಿ ಅರ್ಮೇನಿಯನ್ ಅಕ್ಷರದಲ್ಲಿ ಕೆತ್ತಿಸಿದವನನ್ನು ಆ ಲೆಕ್ಕಕ್ಕೆ ಸೇರಿಸುವುದನ್ನು ನಾನು ಒಪ್ಪಲಾರೆ. ಅರ್ಮೇನಿಯನ್ ಚರ್ಚು, ಸ್ಮಾರಕ, ಸ್ಮಶಾನಗಳಿಗೆ ಧಕ್ಕೆಯಾಗದಂತೆ ತಡೆಯಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2021ರ ಡಿಸೆಂಬರ್ 7ರಂದು ಅಜರ್‌ಬೈಜಾನಿಗೆ ಆದೇಶ ಕೊಟ್ಟಿತು. ಅದೇ ಹಾದ್ರುತ್ ಭಾಗದ ಮೊಖ್ರೆನೆಸ್ ಹಳ್ಳಿಯ ಸಂತ ಸರ್ಗಿಸ್ ಚರ್ಚು ಆಮೇಲೆ ನೆಲಸಮವಾದದ್ದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳಲ್ಲಿ ಗುರುತಿಸಿದರು.

ಉಪಗ್ರಹಕ್ಕೆ ಚಾವಣಿ ಕಾಣುತ್ತದೆ, ಗೋಡೆಯ ಅಕ್ಷರ ಕಾಣುವುದಿಲ್ಲ. ತಜ್ಞರನ್ನು ಕಳಿಸುತ್ತೇವೆಂದು ಯುನೆಸ್ಕೊ 2020ರ ನವೆಂಬರಿನಲ್ಲೇ ಮುಂದೆ ಬಂದಿತ್ತು. ಎರಡೂ ಕಡೆಗೆ ಸೇರದ ಶಾಸನತಜ್ಞರು ತೋಗ್‌ಗೆ ಹೋಗಿ, ಅರಮನೆಯ ಪ್ರತಿ ಸಾಲಿನ ಪಡಿಯಚ್ಚು ತೆಗೆದು, ಊರು ಬಿಟ್ಟ ಎರಡೂ ಜನಾಂಗದ ಮಕ್ಕಳಿಗೆ ಸಿಗುವಂತೆ ಇಡಬೇಕು. ಆ ಕೆಲಸ ಬೇಗ ಆಗಬೇಕು.