ಬೇರೆಯವರ ಹಾಡಿಗೆ ತಾಳವಾದವರು: ಜೆಫ್ ಪೊರ್ಕಾರೋ

ಕೇಳುಗರಿಗೆ ನಮಸ್ಕಾರ.

ಮೈಕೆಲ್ ಜಾಕ್ಸನ್ ಅವರ ‘ಬೀಟ್ ಇಟ್’ ಹಾಡನ್ನು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅದಕ್ಕೆ ಡ್ರಮ್ಸ್ ನುಡಿಸಿದವರು ಜೆಫ್ ಪೊರ್ಕಾರೋ. 1954ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದ ಅವರಿಗೆ ಮೊದಲ ಪಾಠ ಹೇಳಿಕೊಟ್ಟವರು ತಾಳವಾದ್ಯಗಾರರೇ ಆಗಿದ್ದ ತಂದೆ ಜೋ. ಹದಿಹರೆಯ ಮುಗಿಯುವ ಮೊದಲೇ ಸನಿ ಮತ್ತು ಶೇರ್ ಎಂಬ ಗಾಯಕ ಜೋಡಿಯ ತಂಡ ಸೇರಿದ ಪೊರ್ಕಾರೋ, ಮುಂದೆ ಸ್ಟೀಲಿ ಡ್ಯಾನ್, ಬಾಜ್ ಸ್ಕ್ಯಾಗ್ಸ್ ಮೊದಲಾದವರ ಧ್ವನಿಮುದ್ರಣಗಳಲ್ಲಿ ನುಡಿಸಿದರು. ಕರೆ ಬಂದಾಗ ಸ್ಟುಡಿಯೋಗೆ ಹೋಗಿ, ಆಗಷ್ಟೇ ಕೇಳಿದ ಹಾಡಿಗೆ ಒಪ್ಪುವ ನಡೆಯನ್ನು ಅಲ್ಲಿಯೇ ಹುಡುಕಿಕೊಡುವುದು ಸೆಷನ್ ವಾದಕರ ವೃತ್ತಿ.

ಗೆಳೆಯರೊಂದಿಗೆ ಕಟ್ಟಿದ ಟೋಟೋ ತಂಡದ ‘ರೊಸಾನಾ’ ಹಾಡನ್ನು ಒಮ್ಮೆ ಗಮನವಿಟ್ಟು ಕೇಳಿ. ನಾವು ತಿಸ್ರ ಎನ್ನುವ ಮೂರು ಎಣಿಕೆಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಬಲಗೈ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳ ಮೇಲೆ ನುಡಿಸಿದರೆ, ನಡುವಿನದನ್ನು ಎಡಗೈ ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲೆ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ತಟ್ಟುತ್ತದೆ. ಗಟ್ಟಿ ಪೆಟ್ಟು ಬೀಳುವುದು ಪ್ರತಿ ಆವರ್ತದಲ್ಲಿ ಒಮ್ಮೆ ಮಾತ್ರ. ಆ ಗಟ್ಟಿ ಪೆಟ್ಟು ಎಲ್ಲರಿಗೂ ಕೇಳಿಸುತ್ತದೆ, ಆದರೆ ಹಾಡು ತೂಗುವುದು ಮೆಲುಪೆಟ್ಟುಗಳಿಂದ. ಈ ನಡೆಗೆ ಡ್ರಮ್ಮರ್‌ಗಳಾದ ಬರ್ನಾರ್ಡ್ ಪರ್ಡಿ ಮತ್ತು ಜಾನ್ ಬಾನಮ್ ಅವರ ನುಡಿಸಾಣಿಕೆಯೇ ಮೂಲವೆಂದು ಪೊರ್ಕಾರೋ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು. ಪೊರ್ಕಾರೋ ಅವರ ಮೇಲೆ ನನಗಿರುವ ಗೌರವವನ್ನು ಈ ಪ್ರಾಮಾಣಿಕತೆ ಇನ್ನಷ್ಟು ಹೆಚ್ಚಿಸಿದೆ. ಅವರು 1992ರ ಆಗಸ್ಟ್ 5ರಂದು, ಕೇವಲ 38ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪೊರ್ಕಾರೋ ಹಾಡು ಕಟ್ಟಿದ ಬಗೆಯೂ ಡ್ರಮ್ಮರ್‌ನದೇ. ಬಾಲ್ಯದಲ್ಲಿ ನ್ಯೂಯಾರ್ಕ್ ವಿಶ್ವಮೇಳದ ಆಫ್ರಿಕಾ ಮಂಟಪದಲ್ಲಿ ಅವರು ಕಂಡ ವಾದಕರು, ತಮ್ಮ ತಮ್ಮ ಪಾಲಿನ ಒಂದೇ ನಡೆಯನ್ನು ಕಿಂಚಿತ್ತೂ ಕದಲದೆ ಬಹಳ ಹೊತ್ತು ನುಡಿಸುತ್ತಿದ್ದರು. ಟೋಟೋ ತಂಡದ ‘ಆಫ್ರಿಕಾ’ ಹಾಡಿಗೆ ಅದೇ ಸ್ಥೈರ್ಯ ಬೇಕೆಂದು, ತಾಳವಾದ್ಯಗಾರ ಲೆನಿ ಕ್ಯಾಸ್ಟ್ರೋ ಅವರ ಕಾಂಗಾ ಎಂಬ ಕೈಯಿಂದ ನುಡಿಸುವ ಡ್ರಮ್ಮಿನೊಂದಿಗೆ ಕೆಲವು ನಿಮಿಷ ನುಡಿಸಿ ಮುದ್ರಿಸಿಕೊಂಡು, ಅದರಲ್ಲಿ ಅತ್ಯುತ್ತಮವೆನಿಸಿದ ಎರಡೇ ಆವರ್ತಗಳನ್ನು ಆರಿಸಿ, ಆ ಟೇಪಿನ ತುಂಡಿನ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಸುತ್ತಲು ಬಿಟ್ಟರು. ಹಾಡಿನ ಉಳಿದದ್ದೆಲ್ಲ ಆ ಸುತ್ತಿನ ಮೇಲೆ ಕೂತಿತು. 1983ರ ಫೆಬ್ರುವರಿಯಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಾಡಿನ ಒಡೆತನ ಸಾಮಾನ್ಯವಾಗಿ ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ಸಲ್ಲುತ್ತದೆಯೇ ಹೊರತು ತಾಳ ಹಿಡಿದವರಿಗೆ ಸಲ್ಲುವುದು ಅಪರೂಪ. ‘ಆಫ್ರಿಕಾ’ ಹಾಡಿನಲ್ಲಿ ಮಾತ್ರ ಟೋಟೋದ ಕೀಬೋರ್ಡ್ ವಾದಕ ಡೇವಿಡ್ ಪೇಚ್ ಅವರ ಹೆಸರಿನ ಪಕ್ಕದಲ್ಲಿ ಪೊರ್ಕಾರೋ ಅವರ ಹೆಸರೂ ಇದೆ.

ನಮಸ್ಕಾರ.